ಹಗ್ಗ ಹಿಡಿದವರ ಹೆಸರು

ನವೆಂಬರ್ 4, ಸೋಮವಾರ

ಬೆಳಿಗ್ಗೆ ಅನುರಾಧಾ ಬಂದಿದ್ದಳು. ಕೆಳಗಿನ ಮಹಡಿಯವಳು. ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ಕಾಗುಣಿತ ತಪ್ಪುತ್ತಿದ್ದವಳು ಈಗ ಕೊಲಾಬಾದ ಮಿಲಿಟರಿ ಕಚೇರಿಯಲ್ಲಿ ಸ್ಟೆನೋ.

"ಟೀಚರ್, ನಿಮ್ಮತ್ರ ಒಂದು ಕೇಳ್ಲಿಕ್ಕುಂಟು. ಸಿಟ್ಟು ಮಾಡ್ಬಾರ್ದು" ಎಂದಳು.

ಅವಳ ಕಚೇರಿಯ ಒಬ್ಬ ಮೇಜರ್‌ಗೆ ಕನ್ನಡ ಕಲಿಯಬೇಕಂತೆ. ಹಿಮಾಚಲದವರಂತೆ. ಮೊಬೈಲಿನಲ್ಲಿ ಏನೋ ಹಾಕಿಕೊಂಡು ಕಲಿತು ನೋಡಿದರಂತೆ, ಸರಿಹೋಗಲಿಲ್ಲವಂತೆ. ಭಾನುವಾರ ಇಲ್ಲಿಗೇ ಬರುತ್ತಾರಂತೆ.

ಆಗದು ಎಂದೆ. ಈ ಮುಂಬೈಯಲ್ಲಿ ನಾನು ಮೂವತ್ತನಾಲ್ಕು ವರ್ಷ ಕಲಿಸಿದ ಶಾಲೆಯ ಕನ್ನಡ ವಿಭಾಗಕ್ಕೆ ಈ ಜೂನ್‌ನಲ್ಲಿ ಬೀಗ ಬಿತ್ತು. ಕೊನೆಯ ವರ್ಷ ಹನ್ನೊಂದು ಮಕ್ಕಳಿದ್ದರು, ಅವರೂ ಮನೆಯಲ್ಲಿ ಹಿಂದಿ ಆಡುವವರು. ಬೇಕಾದವರಿಗೇ ಬೇಡವಾದದ್ದು ಈ ಮೇಜರ್‌ಗೆ ಯಾಕೆ?

ಇನ್ನೊಂದು ಕಾರಣವನ್ನು ಅವಳಿಗೆ ಹೇಳಲಿಲ್ಲ. ಸೈನ್ಯದವರು ನನ್ನ ಮನೆಯ ಹೊಸ್ತಿಲು ದಾಟಬೇಕಾಗಿದ್ದ ಕಾಲವೊಂದಿತ್ತು. ಆಗ ಬರಲಿಲ್ಲ. ಈಗ ಬರುವುದು ಬೇಡ.

ಮಂಡಿ ನೋವು ಹಾಗೇ ಇದೆ. ಹಾಲು ತರಲೂ ಕೆಳಗಿಳಿಯದೆ ವಾರವಾಯಿತು, ವಾಚ್‌ಮನ್ ಕೈಲಿ ತರಿಸುತ್ತಿದ್ದೇನೆ.

ನವೆಂಬರ್ 10, ಭಾನುವಾರ

ಆ ಮನುಷ್ಯ ಬಂದೇಬಿಟ್ಟರು. ಬಾಗಿಲು ತೆಗೆದರೆ, ಬೂಟು ಬಿಚ್ಚಿ ಗೋಡೆಗೆ ಒತ್ತಿಟ್ಟು, ಕೈಮುಗಿದು ನಿಂತಿದ್ದಾರೆ. ಮೂವತ್ತೈದರ ಆಸುಪಾಸು, ಚಳಿಯಲ್ಲಿ ಬೆಳೆದವರ ಕೆಂಪು ಕೆನ್ನೆ.

"ನಮಸ್ಕಾರ. ನಾನು ನೇಗಿ ಬಂದಿದ್ದಾನೆ."

"ಬಂದಿದ್ದೇನೆ" ಎಂದೆ. ಬಾಯಿ ತಾನಾಗಿ ತಿದ್ದಿತು. ತಿದ್ದಿದ ಮೇಲೆ ಒಳಗೆ ಕರೆಯದೆ ಇರಲಾದೀತೇ?

ಆಮೇಲಿನದೆಲ್ಲ ಹಿಂದಿಯಲ್ಲಿ ನಡೆಯಿತು. ಕಳೆದ ಜುಲೈಯಲ್ಲಿ ಕೊಂಕಣದ ಕಡೆ ನೆರೆ ಬಂದಾಗ ಇವರು ಇಂಜಿನಿಯರ್ ದಳದ ಒಂದು ತುಕಡಿ ಕರೆದುಕೊಂಡು ಹೋಗಿದ್ದರು. ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದಾಗ ಇವರ ಒಬ್ಬ ಜವಾನ ಹೊಳೆಯ ಪಾಲಾದ. ಕಾಶಪ್ಪ ಅಂತ ಹೆಸರು, ಇಪ್ಪತ್ತನಾಲ್ಕು ವಯಸ್ಸು. ತಾಯಿ ರುಕ್ಮಿಣಿಬಾಯಿ ಇಪ್ಪತ್ತು ವರ್ಷದಿಂದ ಇಲ್ಲೇ ಬೊರಿವಲಿಯಲ್ಲಿದ್ದಾಳೆ, ಬಿಲ್ಡಿಂಗ್ ಕೆಲಸದವಳು, ಊರು ಸಿಂದಗಿಯ ಹತ್ತಿರ. ಗಂಡನಿಲ್ಲ, ಬೇರೆ ಮಕ್ಕಳಿಲ್ಲ.

"ಅವರ ಜೊತೆ ಮಾತಾಡಬೇಕು" ಎಂದರು.

"ಇಪ್ಪತ್ತು ವರ್ಷ ಮುಂಬೈಯಲ್ಲಿರುವವಳಿಗೆ ಹಿಂದಿ ಬರುವುದಿಲ್ಲವೇ?"

"ಬರುತ್ತದೆ, ಮೇಡಂ. ಆದರೆ ಹಿಂದಿಯಲ್ಲಿ ಅವರು ನನಗೆ 'ಜೀ ಸಾಬ್' ಅನ್ನುವುದೊಂದೇ. ಅದು ಅವರು ಕೆಲಸ ಮಾಡಿಸುವ ಮುಕಾದಮನಿಗೆ ಹೇಳುವ ಮಾತು. ಮಗನ ವಿಷಯ ಆ ಭಾಷೆಯಲ್ಲಿ ಅವರು ಆಡುವುದಿಲ್ಲ."

ನಾನು ಚಹಾ ಮಾಡಲು ಎದ್ದೆ. ಒಲೆಯ ಮುಂದೆ ನಿಂತು ಇಲ್ಲವೆನ್ನಲು ಒಂದು ಮಾತು ಹುಡುಕಿದೆ, ಸಿಗಲಿಲ್ಲ. ಹೊರಗೆ ಬಂದು, "ಭಾನುವಾರ ಹತ್ತು ಗಂಟೆಗೆ. ತಡವಾದರೆ ಬಾಗಿಲು ತೆಗೆಯುವುದಿಲ್ಲ" ಎಂದೆ.

ನವೆಂಬರ್ 17, ಭಾನುವಾರ

ಹತ್ತಕ್ಕೆ ಸರಿಯಾಗಿ ಬಂದರು. ಶಿಷ್ಯ ಚುರುಕು, ನಾಲಗೆ ಒರಟು. 'ಳ' ಬಾಯಿಗೆ ಬರುವುದಿಲ್ಲ. 'ಹೊಳೆ' ಎಂದರೆ 'ಹೊಲೆ' ಎನ್ನುತ್ತಾರೆ. ನಾನು, ನೀನು, ಅವನು ಮುಗಿಯುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಹೋಗುವಾಗ, "ನಮ್ಮ ತಾಯಿಗೂ ಕಿನ್ನೌರಿ ಬಿಟ್ಟು ಬೇರೆ ಬರುವುದಿಲ್ಲ. ಸೈನ್ಯದವರು ಯಾರಾದರೂ ನನ್ನ ಸುದ್ದಿ ತಂದರೆ ಹಿಂದಿಯಲ್ಲೇ ಹೇಳುತ್ತಾರೆ" ಎಂದರು. ನಾನು ಮುಂದಿನ ವಾರಕ್ಕೆ ವಿಭಕ್ತಿ ಪ್ರತ್ಯಯ ಓದಿಕೊಂಡು ಬರಲು ಹೇಳಿದೆ.

ನವೆಂಬರ್ 24

ಏಳೂ ವಿಭಕ್ತಿ ಒಪ್ಪಿಸಿದರು. ನನ್ನ ಮಕ್ಕಳು ಹತ್ತನೇ ಇಯತ್ತೆಗೆ ಬಂದರೂ ಒಪ್ಪಿಸುತ್ತಿರಲಿಲ್ಲ. ಆದರೆ ವಿಭಕ್ತಿ ಹಿಡಿದುಕೊಂಡು ಯಾರ ಮನೆಯ ಬಾಗಿಲಿಗೆ ಹೋಗುವುದು? ಕಲಿಸುತ್ತಿರುವ ರೀತಿಯೇ ಸರಿಯಿಲ್ಲ ಅನಿಸುತ್ತಿದೆ.

ಡಿಸೆಂಬರ್ 8, ಭಾನುವಾರ

ಇವತ್ತಿನದನ್ನು ಬರೆದಿಡಬೇಕು.

ಪಾಠ ಮುಗಿದ ಮೇಲೆ ಅವರು ಏಳಲಿಲ್ಲ. ಆಮೇಲೆ, "ಮೇಡಂ, ಒಂದು ಮಾತು ಇದೆ. ನನಗೆ ಅರ್ಥ ಗೊತ್ತಿಲ್ಲ. ಕಿವಿಯಲ್ಲಿ ಮಾತ್ರ ಇದೆ" ಎಂದರು.

ಕಾಶಪ್ಪನ ಅಂತ್ಯಕ್ರಿಯೆಯ ದಿನ ರುಕ್ಮಿಣಿಬಾಯಿ ಇವರ ತೋಳು ಹಿಡಿದು ಏನನ್ನೋ ಕೇಳಿದಳಂತೆ. ಒಂದೇ ಮಾತು, ಮತ್ತೆ ಮತ್ತೆ ಅದೇ ಮಾತು. ಪಕ್ಕದಲ್ಲಿದ್ದ ಯಾರನ್ನೋ ಇವರು ಅರ್ಥ ಕೇಳಿದರೆ, ಆತ "ಏನಿಲ್ಲ ಸರ್, ಅಳುತ್ತಿದ್ದಾಳೆ ಅಷ್ಟೇ" ಎಂದನಂತೆ. ಆದರೆ ಅದು ಅಳುವಲ್ಲ, ಪ್ರಶ್ನೆ ಎಂದು ಇವರಿಗೆ ಗೊತ್ತಾಗಿತ್ತು. ಮರೆಯಬಾರದೆಂದು ಅವತ್ತಿನಿಂದ ದಿನಾ ಒಮ್ಮೆ ಆ ಸದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬಂದಿದ್ದಾರೆ.

"ಹೇಳಿ" ಎಂದೆ.

ಕಣ್ಣು ಮುಚ್ಚಿ ಹೇಳಿದರು. "ಒಬ್ಬಾ ಬನಾಯ್ ದನೇನ್ರಿ."

ಬನಾಯಾ ಅನ್ನುವ ಹಿಂದಿ ಮಾತೇ ಇರಬೇಕೆಂದು ಅವರ ಊಹೆ. 'ನನ್ನ ಮಗನನ್ನು ಏನು ಮಾಡಿದಿರಿ' ಎಂದು ಆಕೆ ಕೇಳಿದಳೆಂದುಕೊಂಡು ಇಷ್ಟು ತಿಂಗಳು ಆ ಭಾರ ಹೊತ್ತು ತಿರುಗಿದ್ದಾರೆ.

ನಾನು ಒಂದೆರಡು ಸಲ ಗಟ್ಟಿಯಾಗಿ ಅಂದು ನೋಡಿದೆ. ಪಾಠದ ಧ್ವನಿ ಬಿಟ್ಟು ಸಿಂದಗಿಯ ಪಕ್ಕದ ನಮ್ಮೂರು ಇಂಡಿಯ ಓಣಿಯ ಧ್ವನಿಯಲ್ಲಿ ಅಂದಾಗ ಅದು ಬಿಚ್ಚಿಕೊಂಡಿತು.

ಒಬ್ಬಾವನಾ ಇದ್ನೇನ್ರಿ.

"ಒಬ್ಬನೇ ಇದ್ದನೇ ಅಂತ ಕೇಳಿದ್ದಾಳೆ" ಎಂದೆ. "ಸಾಯುವಾಗ ನನ್ನ ಮಗ ಒಬ್ಬನೇ ಇದ್ದನೇ ಅಂತ."

ಮೇಜರ್ ನೇಗಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. "ಇಲ್ಲ. ಇರಲಿಲ್ಲ" ಎಂದರು. ಕಿಟಕಿಯ ಆಚೆಗೆ ಹೇಳಿದ ಹಾಗಿತ್ತು.

ಡಿಸೆಂಬರ್ 9

ನಿದ್ದೆ ಸರಿಯಾಗಲಿಲ್ಲ. ಅರ್ಥ ಗೊತ್ತಿಲ್ಲದ ಒಂದು ಮಾತನ್ನು ಇಷ್ಟು ದಿನ ಹಾಳಾಗದಂತೆ ಇಟ್ಟುಕೊಂಡ ಮನುಷ್ಯ!

ಡಿಸೆಂಬರ್ 16, ಸೋಮವಾರ

ಅನುರಾಧಾ ಬಿಡಲಿಲ್ಲ. ವಿಜಯ ದಿವಸದ ಪ್ರಯುಕ್ತ ಕೊಲಾಬಾದ ಮೈದಾನದಲ್ಲಿ ಸೈನ್ಯದವರ ಪ್ರದರ್ಶನ, ಎಲ್ಲರಿಗೂ ಪ್ರವೇಶ. "ಟ್ಯಾಕ್ಸಿಯಲ್ಲಿ ಹೋಗುವ ಟೀಚರ್, ನಿಮ್ಮ ಕಾಲಿಗೆ ಏನೂ ಆಗೂದಿಲ್ಲ" ಎಂದು ಎಳೆದುಕೊಂಡು ಹೋದಳು.

ಸಮುದ್ರದ ಗಾಳಿ. ತೋಪು, ಟೆಂಟು, ಬ್ಯಾಂಡು. ನಾನು ಮುಖ ಗಂಟಿಕ್ಕಿಕೊಂಡೇ ನಡೆದೆ. ಮೈದಾನದ ಕೊನೆಯಲ್ಲಿ ನೆಲ ಅಗೆದು ಒಂದು ಹಳ್ಳ ಮಾಡಿದ್ದರು. ಸೀಟಿ ಊದಿದರು. ಹುಡುಗರು ಲಾರಿಯಿಂದ ಕಬ್ಬಿಣದ ತುಂಡುಗಳನ್ನು ಹೊತ್ತು ತಂದರು, ಒಂದೊಂದು ತುಂಡಿಗೆ ನಾಲ್ಕೋ ಆರೋ ಜನ. ಕೂಗಾಟವಿಲ್ಲ. ಒಬ್ಬ ಎತ್ತು ಎಂದರೆ ಅಷ್ಟೂ ಬೆನ್ನು ಒಟ್ಟಿಗೆ ಎದ್ದವು. ನಾವು ತಂದಿದ್ದ ಶೇಂಗಾದ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಹಳ್ಳದ ಮೇಲೆ ಸೇತುವೆ ನಿಂತಿತ್ತು, ಅದರ ಮೇಲೆ ಜೀಪು ಹೋಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು ಎಂದು ಅನುರಾಧಾ ನಕ್ಕಾಗ ಗೊತ್ತಾಯಿತು.

ಅಷ್ಟರಲ್ಲಿ ಮೇಜರ್ ನೇಗಿ ಬಂದರು. ಸಮವಸ್ತ್ರದಲ್ಲಿ ನೋಡಿದ್ದು ಇದೇ ಮೊದಲು, ಗುರುತೇ ಹತ್ತಲಿಲ್ಲ. ಒಂದು ಟೆಂಟಿನೊಳಗೆ ಕರೆದುಕೊಂಡು ಹೋಗಿ ಗೋಡೆಯಷ್ಟು ಎತ್ತರದ ಭೂಪಟದ ಮುಂದೆ ನಿಲ್ಲಿಸಿದರು. ಜೈಸಲ್ಮೇರಿನ ಮರಳಿನಿಂದ ಕನ್ಯಾಕುಮಾರಿಯ ಬಂಡೆಯವರೆಗೆ ಒಂದೇ ಬಣ್ಣ.

"ಇದು ದಕ್ಷಿಣ ಕಮಾಂಡ್, ಮೇಡಂ."

ಸೈನ್ಯಕ್ಕೆ ಇಂಥ ಏಳು ಕಮಾಂಡುಗಳಂತೆ. ಅವುಗಳಲ್ಲೊಂದು ತರಬೇತಿಗೇ ಮೀಸಲು. ಈ ದಕ್ಷಿಣದ್ದೊಂದೇ ದೇಶದ ಅರ್ಧಕ್ಕೆ ಹತ್ತಿರ ನೆಲ ನೋಡಿಕೊಳ್ಳುತ್ತದೆ. ತಲೆ ಪುಣೆಯಲ್ಲಿ, ಅಲ್ಲಿ ಒಬ್ಬ ಲೆಫ್ಟಿನೆಂಟ್ ಜನರಲ್. ಜೋಧಪುರದಲ್ಲಿ ಒಂದು ಕೋರ್, ಭೋಪಾಲದಲ್ಲಿ ಒಂದು ಕೋರ್, ಯುದ್ಧ ಬಂದರೆ ಮುಂದೆ ಹೋಗುವ ಎರಡು ತೋಳುಗಳು. ಮುಂಬೈ, ಚೆನ್ನೈಗಳಲ್ಲಿ ಏರಿಯಾ ಕಚೇರಿಗಳು. ನೆಲೆಗಳು, ಆಸ್ಪತ್ರೆಗಳು, ನಿವೃತ್ತರು, ನೆರೆ, ಭೂಕಂಪ ಎಲ್ಲ ಅವರ ಪಾಲಿಗೆ. ಕೋರಿನ ಕೆಳಗೆ ಡಿವಿಜನ್, ಅದರ ಕೆಳಗೆ ಬ್ರಿಗೇಡ್, ಹಾಗೇ ಇಳಿಯುತ್ತ ಇಳಿಯುತ್ತ ಕೊನೆಗೆ ಸೆಕ್ಷನ್. ಹತ್ತು ಜನ. ಒಂದೇ ಟೆಂಟಿನಲ್ಲಿ ಮಲಗುವವರು.

ಶಾಲೆಯಲ್ಲಿ ಎಷ್ಟೋ ವರ್ಷ ಭೂಪಟ ತೋರಿಸಿದ್ದೇನೆ. ಅದು ನದಿಗಳ ಭೂಪಟ, ರಾಜ್ಯಗಳ ಭೂಪಟ. ಇಷ್ಟು ನೆಲದ ಮೇಲೆ ಇಷ್ಟು ಜನ ಒಬ್ಬರ ಮಾತಿಗೆ ಒಬ್ಬರು ಕಿವಿಗೊಟ್ಟು ಎಚ್ಚರವಾಗಿರುತ್ತಾರೆ ಎಂದು ಯಾವ ಭೂಪಟವೂ ನನಗೆ ತೋರಿಸಿರಲಿಲ್ಲ. ಮೈ ಜುಂ ಎಂದಿತು. ಅದರ ಹಿಂದೆಯೇ ಹಳೆಯ ಕಹಿಯೂ ಬಂತು, ಕೇಳಿಯೇಬಿಟ್ಟೆ. "ಇಷ್ಟು ದೊಡ್ಡದರಲ್ಲಿ ಒಬ್ಬ ಹುಡುಗ ಹೋದರೆ ಯಾರಿಗಾದರೂ ಗೊತ್ತಾಗುತ್ತದೆಯೇ?"

ಅವರು ಭೂಪಟದ ಕಡೆಗೇ ನೋಡುತ್ತ ಹೇಳಿದರು.

ಅವತ್ತು ಮಧ್ಯಾಹ್ನ ಕೊನೆಯ ದೋಣಿಯಲ್ಲಿ ಎರಡು ಮನೆಗಳವರಿದ್ದರು. ನೀರಿನಲ್ಲಿ ತೇಲಿಬಂದ ಮರವೊಂದು ದೋಣಿಗೆ ಸಿಕ್ಕಿಕೊಂಡಿತು. ಕಾಶಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ದಡದಲ್ಲಿ ಅವನ ಸೆಕ್ಷನ್ನಿನ ಒಂಬತ್ತೂ ಜನ ಹಗ್ಗ ಹಿಡಿದಿದ್ದರು. ಅವನು ಮರ ಬಿಡಿಸಿದ, ದೋಣಿ ದಾಟಿತು, ಜನ ಬದುಕಿದರು. ಅದೇ ಮರ ತಿರುಗಿ ಬಂದು ಅವನನ್ನು ಒಯ್ದಿತು. ಒಂಬತ್ತೂ ಜನ ಎಳೆದರು. ಹಗ್ಗ ನಡುವೆ ಹರಿಯಿತು.

"ಸುದ್ದಿ ಮೇಲಕ್ಕೆ ಹೋಯಿತು. ನನ್ನಿಂದ ರೆಜಿಮೆಂಟಿಗೆ, ಅಲ್ಲಿಂದ ಮುಂಬೈಗೆ, ಮುಂಬೈಯಿಂದ ಪುಣೆಗೆ. ಕತ್ತಲಾಗುವುದರೊಳಗೆ ನೌಕಾಪಡೆಯ ಮುಳುಗುಗಾರರು ಬಂದರು, ಬೆಳಕು ಹರಿಯುತ್ತಲೇ ಹೆಲಿಕಾಪ್ಟರ್. ಆಮೇಲೆ ಪ್ರಶ್ನೆ ಮೇಲಿನಿಂದ ಕೆಳಕ್ಕೆ ಇಳಿಯಲು ಶುರುವಾಯಿತು. ಪುಣೆ ಮುಂಬೈಯನ್ನು ಕೇಳುತ್ತಿತ್ತು, ಮುಂಬೈ ನನ್ನನ್ನು. ಒಬ್ಬ ಜವಾನ ಸಿಕ್ಕನೇ ಅಂತ ಅಲ್ಲ, ಮೇಡಂ. 'ಕಾಶಪ್ಪ ಸಿಕ್ಕನೇ?' ಅಂತ. ಎರಡು ದಿನ. ಸಿಗುವವರೆಗೆ."

ಅನುರಾಧಾ ಮೂಗು ಒರೆಸಿಕೊಂಡಳು. ಇಡೀ ಭೂಪಟ ಬಾಯಿ ತೆರೆದು ಒಬ್ಬ ಗಾರೆಕೆಲಸದವಳ ಮಗನ ಹೆಸರು ಕರೆಯುತ್ತಿರುವ ಹಾಗೆ ನನಗೆ ಕಂಡಿತು.

ವಾಪಸು ಬರುವಾಗ ಟ್ಯಾಕ್ಸಿ ಸಿಗಲಿಲ್ಲ. ಬಸ್ಸಿನಲ್ಲಿ ಬೋರಿಬಂದರ್ ಸ್ಟೇಷನ್ನಿಗೆ ಬಂದು ಲೋಕಲ್ ಹತ್ತಿದೆವು.

ಡಿಸೆಂಬರ್ 22, ಭಾನುವಾರ

ವ್ಯಾಕರಣ ಪುಸ್ತಕ ಕಪಾಟಿನೊಳಗೆ ಇಟ್ಟೆ. ಇನ್ನು ಮೇಲೆ ನಮ್ಮ ಕಡೆಯ ಮಾತು. ಊರು ಬಿಟ್ಟು ಬಂದ ಮೇಲೆ ಆ ಮಾತನ್ನು ನಾನು ತರಗತಿಯಲ್ಲಂತೂ ಆಡಿರಲಿಲ್ಲ, ಮಕ್ಕಳು ಆಡಿದರೆ ತಿದ್ದುತ್ತಿದ್ದೆ. ಇವತ್ತು "ಕುಂದರ್ರಿ ಮೇಜರ್ ಸಾಹೇಬ್ರ" ಎಂದೆ. ಅವರು ಹುಬ್ಬೇರಿಸಿದರು. "ಇದು ಬೇರೆ ಭಾಷೆಯೇ?"

"ಇಲ್ಲ, ಇದು ಮನಿ ಭಾಷೆ."

ಹೇಳಬೇಕಾದದ್ದನ್ನು ಇಬ್ಬರೂ ಕೂತು ಕಟ್ಟಿದೆವು. ಕಮಾಂಡ್ ಎಂದರೆ ಆಕೆಗೆ ಏನು ತಿಳಿಯಬೇಕು? ಹತ್ತು ಜನ ಅಂದರೆ ಒಂದು ಮನಿ. ಅಂಥ ಮನಿ ಕೂಡಿದರೆ ಓಣಿ. ಓಣಿ ಕೂಡಿ ಊರು, ಊರು ಕೂಡಿ ತಾಲೂಕು, ಹಾಗೇ ಬೆಳೆದು ಬೆಳೆದು ಅರ್ಧ ದೇಶ. ಆ ಅರ್ಧ ದೇಶ ನಿನ್ನ ಮಗನನ್ನು ಹುಡುಕಿತು. ಹೀಗೆ. 'ಇದ್ದಿವಿ' ಮತ್ತು 'ಅದೀವಿ' ಅವರಿಗೆ ಕಲಸಿಹೋಗುತ್ತಿವೆ. ಒಂದು ಆಗಿಹೋದದ್ದು, ಇನ್ನೊಂದು ಈಗಿನದು ಎಂದು ಎಷ್ಟು ಹೇಳಿದರೂ ಅದೇ ತಪ್ಪು.

ನಡುವೆ ಅವರು, "ನಿಮಗೆ ನಮ್ಮ ಮೇಲೆ ಏನೋ ಸಿಟ್ಟಿದೆ" ಎಂದರು.

ಹೇಳಿದೆ. ನನ್ನ ಅಣ್ಣ ಗುರುಪಾದ ಸೈನ್ಯದಲ್ಲಿದ್ದ. ನಾನು ಹನ್ನೆರಡು ವರ್ಷದವಳಿದ್ದಾಗ ಪೂರ್ವದ ಗಡಿಯಲ್ಲಿ ಹಿಮ ಕುಸಿದು ಹೋದ. ಊರಿಗೆ ಇಂಗ್ಲಿಷಿನಲ್ಲೊಂದು ತಂತಿ ಬಂತು, ಅಂಚೆಯವನು ಓದಿ ಹೇಳಿದ. ಅದರ ಹಿಂದೆ ಯಾರೂ ಬರಲಿಲ್ಲ. ಆಗ ದಾರಿ ಹಾಗಿದ್ದವು, ಕಾಲ ಹಾಗಿತ್ತು, ಎಲ್ಲ ಸರಿ. ಆದರೆ ನಮ್ಮವ್ವ ಇದೇ ಸಯನ್ನಿನ ಮನೆಯಲ್ಲಿ ಸಾಯುವ ದಿನದವರೆಗೂ "ಹೆಂಗ ಹ್ವಾದ ನನ್ ಗುರುಪಾದ?" ಎಂದು ನನ್ನನ್ನು ಕೇಳಿದಳು. ನಾನೇನು ಹೇಳಲಿ?

ಮೇಜರ್ ಕುರ್ಚಿಯಿಂದ ಎದ್ದರು. ಎರಡೂ ಕೈ ಇಳಿಬಿಟ್ಟು, ನೆಟ್ಟಗೆ, ಅಣ್ಣ ಎದುರಿಗೇ ಇರುವ ಹಾಗೆ ನಿಂತರು. ನಾನೂ ಎದ್ದು ನಿಂತೆ. ಕುಕ್ಕರ್ ಕೂಗುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು.

ಅವರು ಇವತ್ತು ಇಲ್ಲೇ ಉಂಡು ಹೋದರು.

ಜನವರಿ 5, ಭಾನುವಾರ

ವರ್ಗಾವಣೆಯ ಆದೇಶ ಬಂದಿದೆ. ಉತ್ತರ ಕಮಾಂಡ್, ಉಧಂಪುರ. ಈ ತಿಂಗಳ ಕೊನೆಗೆ ಹೊರಡಬೇಕು. ಸೈನ್ಯಕ್ಕೆ ಸೇರಿದವರಿಗೆಲ್ಲ ಹೀಗೇ, ಮೂರು ವರ್ಷಕ್ಕೊಮ್ಮೆ ಗಂಟು ಕಟ್ಟುವುದು.

"ಮಾತು ಇನ್ನೂ ಸರಿಯಾಗಿಲ್ಲ" ಎಂದರು.

"ಆದಷ್ಟು ಸಾಕು. ಮೊದಲು ನಾನು ಹೋಗಿ ಕೇಳಿಬರುತ್ತೇನೆ" ಎಂದೆ.

ಜನವರಿ 12, ಭಾನುವಾರ

ಬೊರಿವಲಿಗೆ ಹೋಗಿಬಂದೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಸೇತುವೆ ಹತ್ತಿ ಇಳಿದೆ. ಗುಡ್ಡದ ಬುಡದಲ್ಲಿ ಒತ್ತೊತ್ತಾಗಿ ಒಂಟಿ ಕೋಣೆಗಳ ಚಾಳುಗಳು, ಅರ್ಧ ಓಣಿ ನಮ್ಮ ಕಡೆಯವರೇ. ರುಕ್ಮಿಣಿಬಾಯಿಯ ಖೋಲಿ ಕೇಳಿದರೆ ಮೂರು ಜನ ಒಟ್ಟಿಗೆ ಕೈ ತೋರಿಸಿದರು.

ತೆಳ್ಳಗಿನ, ಎತ್ತರದ ಹೆಂಗಸು. ನಲವತ್ತೈದು ದಾಟಿರಲಿಕ್ಕಿಲ್ಲ. ಗೋಡೆಯ ಮೇಲೆ ಸಮವಸ್ತ್ರದ ಕಾಶಪ್ಪ, ಹಾರದೊಳಗಿಂದ ನಗು ತಡೆದುಕೊಂಡ ಮುಖ. ಮೂಲೆಯಲ್ಲಿ ಶಾಲುಗಳು, ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆದೇ ಇಲ್ಲ.

ಕನ್ನಡ ಟೀಚರ್ ಎಂದು ಹೇಳಿಕೊಂಡೆ. "ಬರ್ರಿ ಅಕ್ಕೋರ, ಕುಂದರ್ರಿ" ಎಂದಳು. ಅಕ್ಕೋರ! ನಮ್ಮ ಕಡೆ ಟೀಚರನ್ನು ಹಾಗೆ ಕರೆಯುವುದು, ಮುಂಬೈಯಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ.

ವಿಷಯ ಹೇಳಿದ ಕೂಡಲೇ ಆಕೆಯ ಮುಖ ಗಡುಸಾಯಿತು. "ಸಾಹೇಬ್ರು ಬ್ಯಾಡನ್ರಿ. ಬಂದವ್ರೆಲ್ಲಾ ನನ್ ಬಾಜೂಕ ನಿಂತು ಫೋಟೋ ಹೊಡಸ್ಕೊಂಡ್ ಹ್ವಾದ್ರು. ಶಾಲು ಹೊಚ್ಚಿದ್ರು. ನಾ ಕೇಳಿದ್ದು ಒಬ್ಬರ ಕಿವೀಗೂ ಬೀಳಲಿಲ್ಲ."

"ಇವರ ಕಿವೀಗೆ ಬಿದ್ದೈತಿ, ರುಕ್ಮಿಣಿಬಾಯಿ."

"ಏನಂತ ಬಿದ್ದೈತಿ?"

"ಒಬ್ಬಾವನಾ ಇದ್ನೇನ್ರಿ ಅಂತ. ಅರ್ಥ ತಿಳೀದಿದ್ರೂ ಹಂಗ ಇಟ್ಕೊಂಡಾರ. ಉತ್ತರಾ ಹೇಳಾಕಂತ ನನ್ ಕಡೆ ಕನ್ನಡಾ ಕಲಿತಾರ."

ಆಕೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತ ಕೂತಳು. ಓಣಿಯಲ್ಲಿ ಯಾರೋ ನೀರಿಗೆ ಜಗಳವಾಡುತ್ತಿದ್ದರು. ಆ ಜಗಳ ಮುಗಿದ ಮೇಲೆ ಹೇಳಿದಳು.

"ಮನಿಗೆ ಬ್ಯಾಡ. ಬರೋ ಐತ್ವಾರ ಸೂಟಿ ಇಲ್ಲ, ಕೆಲಸದ ಕಡೆ ಬರ್ಲಿ, ಊಟದ ಹೊತ್ತಿಗೆ. ಗಾಡಿ ತರಬ್ಯಾಡ ಅನ್ರಿ. ಕ್ಯಾಮೆರಾದವ್ರು ಬಂದ್ರ ನಾ ಕೆಳಗ ಇಳಿಯಂಗಿಲ್ಲ."

ಜನವರಿ 15

ಮೇಜರ್‌ಗೆ ಫೋನ್ ಮಾಡಿ ಹೇಳಿದೆ. ಗಾಡಿ, ಕ್ಯಾಮೆರಾ ಎರಡೂ ಇರುವುದಿಲ್ಲ ಎಂದರು. ಆಮೇಲೆ, "ನನಗೆ ಹೆದರಿಕೆ ಆಗೈತಿ ಅಕ್ಕೋರ" ಎಂದರು. ಉಚ್ಚಾರ ಸರಿಯಾಗಿತ್ತು.

ಜನವರಿ 19, ಭಾನುವಾರ

ಸಾದಾ ಅಂಗಿ ಹಾಕಿಕೊಂಡು ದಾದರಿಗೆ ಬಂದಿದ್ದರು. ನಾನು ಲೋಕಲ್ಲಿನ ಹೆಂಗಸರ ಡಬ್ಬಿ ಬಿಟ್ಟು ಅವರ ಜೊತೆ ಸಾಮಾನ್ಯ ಡಬ್ಬಿಗೇ ಹತ್ತಿದೆ. ಕೂಡಲು ಜಾಗ ಸಿಕ್ಕರೂ ಅವರು ಬಾಗಿಲ ಕಂಬ ಹಿಡಿದು ನಿಂತೇ ಬಂದರು. ತುಟಿ ಅಲುಗುತ್ತಿತ್ತು, ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ.

ಕೆಲಸದ ಜಾಗದಲ್ಲಿ ಎದ್ದುನಿಂತ ಟವರಿನ ಅಸ್ಥಿಪಂಜರ. ಕುತ್ತಿಗೆ ಬಗ್ಗಿಸಿ ನೋಡಿದರೂ ತುದಿ ಕಾಣಲಿಲ್ಲ. ಊಟದ ಗಂಟೆಗೆ ಹೊರಗೋಡೆಗೆ ಕಟ್ಟಿದ ಕಬ್ಬಿಣದ ಲಿಫ್ಟು ಗಡಗಡ ಇಳಿಯಿತು. ಸೀರೆಯ ಸೆರಗಿನ ಮೇಲೆ ಹಳದಿ ಹೆಲ್ಮೆಟ್ಟು ಇಟ್ಟ ಹೆಂಗಸರ ನಡುವೆ ರುಕ್ಮಿಣಿಬಾಯಿ. ಅಷ್ಟು ಎತ್ತರದಿಂದ ದಿನಾ ಇಳಿದು ಬರುವವಳು ಎಂದು ನನಗೆ ಹೊಳೆದದ್ದು ಆಗ. ಸಿಮೆಂಟಿನ ಖಾಲಿ ಚೀಲ ಕೊಡವಿ ಹಾಸಿ ನನ್ನನ್ನು ಕೂಡಿಸಿದಳು. ಮೇಜರನ್ನು ನೋಡಲೇ ಇಲ್ಲ.

ಅವರು ಕೂಡಲಿಲ್ಲ. ಆಕೆಯ ಎದುರಿಗೆ ನಿಂತರು.

"ಅವ್ವಾ" ಎಂದರು. ಮತ್ತೆ ಶುರುಮಾಡಿದರು. "ಅವ್ವಾ. ನೀವು ಕೇಳಿದ್ರಿ. ಕಾಶಪ್ಪ ಒಬ್ಬಾವ ಇದ್ದಿಲ್ಲ. ಹೊಳಿಯಾಗ ಅವನು. ದಂಡಿಯಾಗ ನಾವು. ಹಗ್ಗಾ ಹಿಡಿದು. ನಾವ್ ಎಲ್ಲಾರೂ ಅದೀವಿ."

ಇದ್ದಿವಿ ಅನ್ನಬೇಕಿತ್ತು. ನಾನು ತಿದ್ದಲು ಬಾಯಿ ತೆರೆದೆ, ಹಾಗೇ ಮುಚ್ಚಿದೆ.

ರುಕ್ಮಿಣಿಬಾಯಿ ಈಗ ತಲೆ ಎತ್ತಿ ಅವರ ಮುಖ ನೋಡಿದಳು. ಅವರು ಮುಂದುವರಿದರು. ಹತ್ತು ಜನರ ಮನಿ, ಮನಿಗಳ ಓಣಿ, ಓಣಿಗಳ ಊರು. ನಾವು ಭಾನುವಾರಗಳೆಲ್ಲ ಕೂತು ಕಟ್ಟಿದ ಮಾತು. ಪುಣೆಯ ದೊಡ್ಡ ಜನರಲ್ ಸಾಹೇಬರು ಹೆಸರು ಹಿಡಿದು ಕೇಳಿದ ಮಾತಿಗೆ ಬಂದಾಗ ಆಕೆ ಮೆಲ್ಲಗೆ ಕೈ ಎತ್ತಿದಳು. ಬೆರಳುಗಳಲ್ಲಿ ಒಣಗಿದ ಸಿಮೆಂಟು.

"ಅದೆಲ್ಲಾ ಇರ್ಲಿರಿ ಸಾಹೇಬ್ರ. ದೊಡ್ಡವ್ರು ಕೇಳಿದ್ರು, ಚಲೋ ಆತು. ಹಗ್ಗಾ ಹಿಡಿದಿದ್ರು ಅಂದ್ರಲ್ಲ, ಯಾರ್ ಯಾರು ಹಿಡಿದಿದ್ರು?"

ಮೇಜರ್ ನನ್ನ ಕಡೆ ತಿರುಗಿದರು. ನಾನು ಅರ್ಥ ಹೇಳಬೇಕಾಗಲಿಲ್ಲ. ಅವರಿಗೆ ತಿಳಿದಿತ್ತು.

"ಸುರ್ವೆ" ಎಂದರು. "ಗಾವಿತ್. ಖಂಡಾಗಳೆ. ರಾಮಸಿಂಗ್. ತಾಂಡೇಲ್..."

ಒಂದೊಂದು ಹೆಸರಿಗೂ ಆಕೆ ತಲೆಯಾಡಿಸಿ, ತನ್ನ ಬಾಯಲ್ಲಿ ತಿರುಗಿಸಿ ಹೇಳಿಕೊಂಡಳು. ಸುರ್ವ್ಯಾ. ಗಾವಿತ್ಯಾ. ಓಣಿಯ ಹುಡುಗರನ್ನು ಊಟಕ್ಕೆ ಕರೆಯುವ ಹಾಗಿತ್ತು. ಅಕ್ಕಪಕ್ಕ ಬುತ್ತಿ ಬಿಚ್ಚಿದ್ದ ಹೆಂಗಸರು ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದರು. ಹೆಸರುಗಳು ಮುಗಿದವು.

"ಎಲ್ಲಾರಕಿಂತ ಮುಂದ ನಿಂತಾಂವ ಯಾಂವ?"

"ಸುರ್ವೆ, ಅವ್ವಾ. ನೀರಾಗ ನಿಂತಿದ್ದ."

"ಆಂವಾ ಈಗ ಹೆಂಗದಾನ?"

ಇದು ನಾವು ಅಭ್ಯಾಸ ಮಾಡಿದ ಪ್ರಶ್ನೆಯಲ್ಲ. ಮೇಜರ್ ತಡವರಿಸಿದರು. "ಚಲೋ ಇಲ್ಲ. ಆವತ್ತಿಂದ ರಜಾ ತಗೊಂಡಿಲ್ಲ. ಊರಿಗೆ ಹೋಗಿಲ್ಲ. ಮಾತ್ ಇಲ್ಲ."

ರುಕ್ಮಿಣಿಬಾಯಿಯ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ಅವ್ರನ್ನ ಕರಕೊಂಡ್ ಬರ್ರಿ" ಎಂದಳು. "ಎಲ್ಲಾರನೂ. ಕೆಲಸದ ಕಡೆ ಅಲ್ಲ, ಮನಿಗೆ. ನನ್ ಕೈಯಾಗಿನ ರೊಟ್ಟಿ ಉಂಡ್ ಹೋಗ್ಲಿ."

ಗಂಟೆ ಹೊಡೆಯಿತು. ಆಕೆ ಮೇಜರ್ ತಲೆಯ ಮೇಲೆ ಒಮ್ಮೆ ಕೈ ಇಟ್ಟು, ಹೆಲ್ಮೆಟ್ಟು ಹಾಕಿಕೊಂಡು ನಡೆದಳು. ಲಿಫ್ಟು ಮೇಲೇರಿತು. ಹಳದಿ ಚುಕ್ಕೆ ಸಣ್ಣದಾಗುತ್ತ ಹೋಗಿ ಆಕಾಶದಲ್ಲಿ ಸೇರುವವರೆಗೆ ನಾವು ನೋಡುತ್ತಲೇ ನಿಂತೆವು. ಕೊಲಾಬಾದ ಭೂಪಟದ ಮುಂದೆ ನಿಂತಾಗ ಆದ ಹಾಗೇ ಮೈ ಜುಂ ಎಂದಿತು, ಅದಕ್ಕಿಂತ ಹೆಚ್ಚೇ.

ಜನವರಿ 30

ಮೇಜರ್ ಹೊರಟರು. ಕಾಲು ಮುಟ್ಟಿ ನಮಸ್ಕರಿಸಿದರು. "ಹೋಗಿ ಬರ್ತೀನ್ರಿ ಅಕ್ಕೋರ." ತಪ್ಪೇ ಇಲ್ಲ. ಬಾಂದ್ರಾ ಟರ್ಮಿನಸ್ಸಿನವರೆಗೆ ಹೋಗಿ ಕಳಿಸಿಬಂದೆ.

ಫೆಬ್ರವರಿ 9, ಭಾನುವಾರ

ಆ ಒಂದು ಊಟಕ್ಕೆ ಪುಣೆಯಲ್ಲಿ ಎಷ್ಟು ಜನರ ಒಪ್ಪಿಗೆ ಬೇಕಾಯಿತೋ. ಹೊರಡುವ ಮೊದಲೇ ಮೇಜರ್ ಎಲ್ಲ ಮಾಡಿಟ್ಟು ಹೋಗಿದ್ದರು, ಉಳಿದದ್ದಕ್ಕೆ ನಾನು ಅನುರಾಧಾಳ ಬೆನ್ನು ಹತ್ತಿ ದಿನಾ ಫೋನ್ ಮಾಡಿಸಿದೆ. ನಮ್ಮ ಹುಡುಗರು ಒಂಬತ್ತೂ ಜನ ಬೆಳಗಿನ ರೈಲಿಗೆ ಬಂದರು. ನಾನು ಬೊರಿವಲಿ ಸ್ಟೇಷನ್ನಿನಲ್ಲಿ ಮೊದಲೇ ಹೋಗಿ ನಿಂತಿದ್ದೆ. ಗುಡ್ಡದ ಮೆಟ್ಟಿಲು ಹತ್ತುವಾಗ ಹಿಂದೆ ತಿರುಗಿ, ಬೇಗ ಬೇಗ ಬನ್ನಿ ಎಂದೆನಂತೆ. ಅದಕ್ಕೆ ಅವರು ತಮ್ಮೊಳಗೇ ನಕ್ಕರು.

ಖೋಲಿಯಲ್ಲಿ ಜಾಗ ಸಾಲದು. ಓಣಿಯಲ್ಲೇ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತರು, ದಷ್ಟಪುಷ್ಟ ಹುಡುಗರು, ಕೈ ಎಲ್ಲಿಡುವುದೆಂದು ತಿಳಿಯದವರ ಹಾಗೆ. ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಕುಂದರ್ರಿ!"

ಕನ್ನಡ ಬಾರದ ಅಷ್ಟೂ ಜನ ಒಟ್ಟಿಗೆ ಕೂತರು. ನನ್ನನ್ನು ಕರೆಸಿದ್ದು ಅರ್ಥ ಹೇಳಲೆಂದು. ಕೊನೆಯವರೆಗೂ ನನಗೆ ಕೆಲಸವೇ ಬೀಳಲಿಲ್ಲ.

ಆಕೆ ಎಣಿಸದೆಯೇ ಕಂಡುಕೊಂಡಳು. "ಒಬ್ಬಾಂವ ಎಲ್ಲಿ?"

ಓಣಿಯ ತುದಿಯಲ್ಲಿ, ನಲ್ಲಿಯ ಆಚೆ, ಒಬ್ಬ ಮುಖ ತಿರುಗಿಸಿ ನಿಂತಿದ್ದ. ಯಾರೋ "ಸುರ್ವೆ" ಎಂದು ಕರೆದರು. ಅವನು ಅಲುಗಲಿಲ್ಲ. ರುಕ್ಮಿಣಿಬಾಯಿ ಚಪ್ಪಲಿಯಿಲ್ಲದೆ ಅಲ್ಲಿಯವರೆಗೆ ನಡೆದು ಹೋದಳು. ಏನೂ ಹೇಳದೆ ಅವನ ಕೈ ಹಿಡಿದು ಎಳೆದಳು. ಅವನು ಬಿಡಿಸಿಕೊಳ್ಳಲು ನೋಡಿದ. ಆಗ ಅಂಗೈ ತೆರೆಯಿತು.

ಅಂಗೈಗೆ ಅಡ್ಡಲಾಗಿ, ಹೆಬ್ಬೆರಳ ಬುಡದಿಂದ ಕಿರುಬೆರಳಿನವರೆಗೆ, ಹಗ್ಗ ಕೊರೆದ ಗಾಯದ ದಪ್ಪ ಕಲೆ. ಇನ್ನೊಂದು ಕೈ ನೋಡಿದಳು. ಅದರಲ್ಲೂ.

ಎಷ್ಟು ಹೊತ್ತು ಆ ಎರಡು ಅಂಗೈ ಹಿಡಿದು ನಿಂತಳೋ ಹೇಳಲಾರೆ. ಆಮೇಲೆ ಆ ಕೈ ಬಿಡದೆಯೇ ಅವನನ್ನು ಕರೆತಂದು ಒಲೆಯ ಹತ್ತಿರ, ಖೋಲಿಯ ಒಳಗೆ, ತನ್ನ ಪಕ್ಕ ಕೂಡಿಸಿಕೊಂಡಳು. ಹಂಚಿನ ಮೇಲಿನ ಜೋಳದ ರೊಟ್ಟಿ ಉಬ್ಬಿತ್ತು. ಅದನ್ನು ತೆಗೆದು ಮೊದಲು ಅವನ ಅಂಗೈ ಮೇಲೇ ಇಟ್ಟಳು.

"ಸುಡತೈತಿ ಯಪ್ಪಾ," ಎಂದಳು, "ನೋಡ್ಕೊಂಡ್ ಹಿಡಿ."